ಕ್ವೇಸಾರಿನ ಗೆಲಾಕ್ಸಿಯಲ್ಲಿ "2,000 ಕೋಟಿ ಸೂರ್ಯರಷ್ಟು ಅನಿಲ" ಅಂತಾರಲ್ಲ, ಅದನ್ನು ತೂಗುದು ಹೇಗೆ?

ಮಲ್ಪೆ_ದೀಪ
ಉಡುಪಿಯ ಒಂದು ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಕನ್ನಡದಲ್ಲಿ ಭಿತ್ತಿಪತ್ರ ತಯಾರಾಗ್ತಾ ಉಂಟು. ಅದರಲ್ಲಿ ಈ ವಾಕ್ಯ ಉಂಟು: "ಜೆ1148+5251 ಎಂಬ ಕ್ವೇಸಾರಿನ ಗೆಲಾಕ್ಸಿಯಲ್ಲಿ 2,000 ಕೋಟಿ ಸೂರ್ಯರ ತೂಕದಷ್ಟು ಹೈಡ್ರೋಜನ್ ಅಣು ಅನಿಲ ಇರುವುದನ್ನು 2003ರಲ್ಲಿ ಅಳೆದರು." ಕ್ವೇಸಾರ್ ಅಂದ್ರೆ ದೈತ್ಯ ಕಪ್ಪುಕುಳಿ ಅನಿಲ ನುಂಗುವಾಗ ಅತಿ ಪ್ರಕಾಶವಾಗಿ ಹೊಳೆಯುವ ಗೆಲಾಕ್ಸಿಯ ನಡುಭಾಗ. ರೆಡ್‌ಶಿಫ್ಟ್ (ವಿಶ್ವ ಹಿಗ್ಗಿದ್ದರಿಂದ ಬೆಳಕಿನ ಅಲೆ ಉದ್ದ ಆದ ಪ್ರಮಾಣ) 6.42. ಅಂದ್ರೆ ಮಹಾಸ್ಫೋಟ ಆಗಿ 90 ಕೋಟಿ ವರ್ಷವೂ ತುಂಬದ ಕಾಲ.

ನೋಡ್ಲಿಕ್ಕೆ ಬಂದ ಮಕ್ಕಳು "ಹೇಗೆ ತೂಗಿದ್ದು?" ಅಂತ ಕೇಳಿಯೇ ಕೇಳ್ತಾರೆ. ಹೈಡ್ರೋಜನ್ ಅಣು ಕಾಣುದೇ ಇಲ್ಲ ಅಂತ ಎಲ್ಲ ಕಡೆ ಬರೀತಾರೆ. ಕಾಣದ್ದನ್ನು ತೂಗಿದ್ದು ಯಾವ ಲೆಕ್ಕದಲ್ಲಿ? ಯಾರಾದ್ರೂ ಅಂಕಿ ಹಾಕಿ ತೋರಿಸ್ಬಹುದಾ? ಇನ್ನೊಂದು, ಇಂಥ ದತ್ತಾಂಶ ನಮ್ಮ ಲ್ಯಾಪ್‌ಟಾಪಿನಲ್ಲಿ ತೆರೆದು ಮಕ್ಕಳಿಗೆ ತೋರಿಸ್ಲಿಕ್ಕೆ ಆಗ್ತದಾ?

ಪಣಂಬೂರು_ಗಾಳಿ
ಮೊದಲು "ಅಳೆದರು" ತೆಗೀರಿ. "ಅಂದಾಜಿಸಿದರು" ಅಂತ ಹಾಕಿ.

ಸುರತ್ಕಲ್_ತರಂಗ
ಕಾಣದ್ದು ಯಾಕೆ ಅಂದ್ರೆ, ಹೈಡ್ರೋಜನ್ ಅಣುವಿನಲ್ಲಿ ಎರಡು ಪರಮಾಣು ಒಂದೇ ತರಹದ್ದು. ವಿದ್ಯುದಂಶ ಎರಡೂ ಬದಿಗೆ ಸಮ. ದ್ವಿಧ್ರುವ ಇಲ್ಲ. ತಿರುಗಿದ್ರೂ ರೇಡಿಯೋ ಅಲೆ ಹೊರಡುದಿಲ್ಲ. ಅದರ ತಿರುಗುವಿಕೆಯ ಮೊದಲ ಗೆರೆ (ಒಂದೇ ಆವರ್ತಾಂಕದಲ್ಲಿ ಬರುವ ಹೊಳಪು) ಸಿಕ್ಕುದು 28 ಮೈಕ್ರಾನಿನಲ್ಲಿ, ಅದೂ ತೀರ ದುರ್ಬಲ. ಆ ಮಟ್ಟಕ್ಕೆ ಅಣುವನ್ನು ಏರಿಸ್ಲಿಕ್ಕೆ 510 ಕೆಲ್ವಿನ್‌ನಷ್ಟು ಶಕ್ತಿ ಬೇಕು. ನಕ್ಷತ್ರ ಹುಟ್ಟುವ ಮೋಡದ ಉಷ್ಣತೆ 10ರಿಂದ 50 ಕೆಲ್ವಿನ್. ಏರುದೇ ಇಲ್ಲ.

ಅದೇ ಮೋಡದಲ್ಲಿ ಎರಡನೇ ಅತಿ ಹೆಚ್ಚಿನ ಅಣು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಸಣ್ಣ ದ್ವಿಧ್ರುವ ಉಂಟು, ಮೊದಲ ಮೆಟ್ಟಿಲು ಬರೀ 5.5 ಕೆಲ್ವಿನ್ ಎತ್ತರ. ಹೈಡ್ರೋಜನ್ ಅಣು ಬಂದು ಡಿಕ್ಕಿ ಹೊಡೆದ್ರೆ ಸಾಕು, ತಿರುಗಿ 115.271 ಗಿಗಾಹರ್ಟ್ಸ್‌ನಲ್ಲಿ ಅಲೆ ಬಿಡ್ತದೆ. ಮೇಲಿನ ಮೆಟ್ಟಿಲುಗಳು ಹೆಚ್ಚುಕಮ್ಮಿ ಅದರ ಗುಣಕಗಳು: 2-1 ಗೆರೆ (ಎರಡನೇ ಮೆಟ್ಟಿಲಿಂದ ಒಂದನೇದಕ್ಕೆ ಇಳಿಯುವಾಗ ಬರುದು) 230.538, 3-2 ಗೆರೆ 345.796, 6-5 ಗೆರೆ 691.473. ದೂರದ ಗೆಲಾಕ್ಸಿಗೆ ಇವನ್ನೆಲ್ಲ (1 + ರೆಡ್‌ಶಿಫ್ಟ್) ಇಂದ ಭಾಗಿಸಿ. ಜೆ1148ರ 3-2 ಗೆರೆ 345.796 ಭಾಗಿಸು 7.419, ಅಂದ್ರೆ 46.6 ಗಿಗಾಹರ್ಟ್ಸ್. ಅಮೆರಿಕದ ನ್ಯೂಮೆಕ್ಸಿಕೋದ ವಿಎಲ್‌ಎ ರೇಡಿಯೋ ದೂರದರ್ಶಕದಲ್ಲಿ ಕಂಡದ್ದು ಅದು. ಫ್ರಾನ್ಸಿನ ಪ್ಲಾತೋ ದ ಬ್ಯೂರ್‌ನಲ್ಲಿ ಅದೇ ವರ್ಷ 6-5 ಮತ್ತು 7-6 ಕಂಡಿತು, 93 ಮತ್ತು 109 ಗಿಗಾಹರ್ಟ್ಸ್ ಹತ್ತಿರ.

ನೇತ್ರಾವತಿ_ನೀರು
ಲೆಕ್ಕ ಕೇಳಿದ್ರಲ್ಲ, ಕ್ಯಾಲ್ಕುಲೇಟರ್ ತೆಗೀರಿ.

ಮೊದಲು ಗೆರೆಯ ಒಟ್ಟು ಹರಿವು. 3-2 ಗೆರೆಗೆ 0.18 ಜಾನ್ಸ್ಕಿ (ರೇಡಿಯೋ ಹೊಳಪಿನ ಏಕಮಾನ) ಕಿ.ಮೀ./ಸೆ. ಅನಿಲದ ವೇಗದ ಲೆಕ್ಕದಲ್ಲಿ ಗೆರೆಯ ಅಗಲ ಸುಮಾರು 300 ಕಿ.ಮೀ./ಸೆ., ಅಂದ್ರೆ ಎತ್ತರ 0.6 ಮಿಲಿಜಾನ್ಸ್ಕಿ ಮಾತ್ರ. ಇದರಿಂದ ಗೆರೆಯ ದೀಪ್ತಿ ತೆಗೀಲಿಕ್ಕೆ ಎಲ್ಲರೂ ಬಳಸುವ ಸೂತ್ರ ಹೀಗೆ:

ದೀಪ್ತಿ = 3,25,00,000 × ಹರಿವು × ದೂರದ ವರ್ಗ ÷ (ಕಂಡ ಆವರ್ತಾಂಕದ ವರ್ಗ × (1 + ರೆಡ್‌ಶಿಫ್ಟ್)ರ ಘನ)

ಹರಿವು ಜಾನ್ಸ್ಕಿ ಕಿ.ಮೀ./ಸೆ.ನಲ್ಲಿ, ದೂರ ಮೆಗಾಪಾರ್ಸೆಕ್‌ನಲ್ಲಿ (10 ಲಕ್ಷ ಪಾರ್ಸೆಕ್; ಒಂದು ಪಾರ್ಸೆಕ್ ಸುಮಾರು 3.26 ಜ್ಯೋತಿರ್ವರ್ಷ), ಆವರ್ತಾಂಕ ಗಿಗಾಹರ್ಟ್ಸ್‌ನಲ್ಲಿ. ದೂರ ಅಂದ್ರೆ ಇಲ್ಲಿ ದೀಪ್ತಿ ದೂರ, ಹೊಳಪು ಎಷ್ಟು ಮಂದ ಆಗಿ ಕಾಣ್ತದೆ ಅನ್ನುದಕ್ಕೆ ಹೊಂದುವ ದೂರ. ಹಬಲ್ ಸ್ಥಿರಾಂಕ (ವಿಶ್ವ ಹಿಗ್ಗುವ ದರ) 71, ದ್ರವ್ಯದ ಪಾಲು 0.27 ಅಂತ ಇಟ್ಟರೆ ಸುಮಾರು 63,800 ಮೆಗಾಪಾರ್ಸೆಕ್ ಬರ್ತದೆ. "ಇಷ್ಟು ಜ್ಯೋತಿರ್ವರ್ಷ ಬೆಳಕು ನಡೆದು ಬಂತು" ಅಂತ ಪತ್ರಿಕೆಯಲ್ಲಿ ಹಾಕುವ ದೂರವನ್ನು ಇಲ್ಲಿ ತುಂಬಿಸಿದ್ರೆ ಉತ್ತರ ಪೂರಾ ಕೆಡ್ತದೆ. ಹೊಸಬರು ಬೀಳುವ ಮೊದಲ ಹೊಂಡ ಅದು.

ತುಂಬಿಸಿ ನೋಡಿ: 46.6ರ ವರ್ಗ 2,172. 7.42ರ ಘನ 408. ಉತ್ತರ ಸುಮಾರು 2,700 ಕೋಟಿ. ಇದರ ಏಕಮಾನ ವಿಚಿತ್ರ: ಕೆಲ್ವಿನ್ ಕಿ.ಮೀ./ಸೆ. ಚದರ ಪಾರ್ಸೆಕ್. ತಲೆ ಕೆಡಿಸ್ಕೊಳ್ಬೇಡಿ. ಅನಿಲದ ಹೊಳಪು, ಅದರ ವೇಗದ ಹರವು, ಅದು ಹಬ್ಬಿದ ಜಾಗ, ಮೂರನ್ನೂ ಗುಣಿಸಿದ್ದು ಅಷ್ಟೆ.

ಕೊನೆಗೆ ದೀಪ್ತಿಯನ್ನು ತೂಕಕ್ಕೆ ಬದಲಿಸುವ ಗುಣಕ 0.8ರಿಂದ ಗುಣಿಸಿ. 2,160 ಕೋಟಿ ಸೂರ್ಯ. ನಿಮ್ಮ 2,000 ಕೋಟಿ ಇದೇ.

ಮಲ್ಪೆ_ದೀಪ
ಬಂತು, ಬಂತು. ಆದ್ರೆ ಆ 0.8 ಎಲ್ಲಿಂದ ಬಂತು? ಇಡೀ ತೂಕ ಅದೊಂದು ಅಂಕಿಯ ಮೇಲೆ ನಿಂತ ಹಾಗೆ ಕಾಣ್ತದೆ.

ಪಣಂಬೂರು_ಗಾಳಿ
ಅದಕ್ಕೇ "ಅಂದಾಜಿಸಿದರು" ಅಂದದ್ದು.

ಕಾರ್ಕಳ_ಕಲ್ಲು
ಮುಡಿ (ಬೈಹುಲ್ಲು ಸುತ್ತಿ ಕಟ್ಟಿದ ಅಕ್ಕಿಯ ಮೂಟೆ) ಲೆಕ್ಕದಲ್ಲಿ ಹೇಳಿದ್ರೆ ನಮ್ಮ ಕಡೆಯ ಮಕ್ಕಳಿಗೆ ಅರ್ಥ ಆಗ್ತದೆ. ಕಣಜದಲ್ಲಿ ಎಷ್ಟು ಅಕ್ಕಿ ಉಂಟು ಅಂತ ಒಂದೊಂದು ಕಾಳು ಎಣಿಸುದಿಲ್ಲ. ಹೊರಗಿಂದ ಮುಡಿ ಎಣಿಸ್ತೇವೆ. ಮುಡಿಯ ಒಳಗಿನ ಅಕ್ಕಿ ಕಾಣುದಿಲ್ಲ, ಹೊರಗಿನ ಬೈಹುಲ್ಲು ಮಾತ್ರ ಕಾಣುದು. ಆದ್ರೂ ಒಂದು ಮುಡಿಗೆ ಎಷ್ಟು ಸೇರು ಅಂತ ಗೊತ್ತಿರುದರಿಂದ ಲೆಕ್ಕ ಸರಿ ಬರ್ತದೆ.

ನಮ್ಮ ಆಕಾಶಗಂಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಗೆರೆ ಹಾಗೇ ಕೆಲಸ ಮಾಡುದು. ಮೋಡ ಅದಕ್ಕೆ ಪಾರದರ್ಶಕ ಅಲ್ಲ, ಮೇಲ್ಮೈ ಮಾತ್ರ ಕಾಣ್ತದೆ. ಆದ್ರೆ ಪ್ರತಿ ಮೋಡವೂ ತನ್ನದೇ ಗುರುತ್ವದಲ್ಲಿ ಕಟ್ಟಿಕೊಂಡಿರುದರಿಂದ ಅದರ ಗಾತ್ರ ಮತ್ತು ವೇಗದ ಹರವು ಅದರ ತೂಕ ಹೇಳ್ತದೆ. ಹಾಗೆ ಬಂದ ಗುಣಕ 4.3.

ಈಗ ಎರಡು ಗೆಲಾಕ್ಸಿ ಡಿಕ್ಕಿ ಹೊಡೆದು ಅನಿಲ ಎಲ್ಲ ನಡುವಿಗೆ ಬಿತ್ತು ಅಂತ ಇಟ್ಟುಕೊಳ್ಳಿ. ಮುಡಿಗಳನ್ನು ಬಿಚ್ಚಿ ಅಂಗಳದಲ್ಲಿ ಅಕ್ಕಿ ಹರವಿದ ಹಾಗೆ. ಬಿಡಿಬಿಡಿ ಮೋಡ ಇಲ್ಲ, ಒಂದೇ ದಪ್ಪ ತಟ್ಟೆ. ಅದರ ವೇಗದ ಹರವಿನಲ್ಲಿ ಅನಿಲದ ಗುರುತ್ವದ ಜೊತೆ ಅಲ್ಲಿರುವ ನಕ್ಷತ್ರಗಳ ಗುರುತ್ವವೂ ಸೇರ್ತದೆ, ಉಷ್ಣತೆಯೂ ಹೆಚ್ಚು. ಹಾಗಾಗಿ ಅಷ್ಟೇ ತೂಕದ ಅನಿಲ ಹೆಚ್ಚು ಹೊಳೀತದೆ. ಹತ್ತಿರದ ಅತಿ ಪ್ರಕಾಶಮಾನ ಅವಕೆಂಪು ಗೆಲಾಕ್ಸಿಗಳ ಚಲನೆ ನೋಡಿ 1998ರಲ್ಲಿ ಡೌನ್ಸ್ ಮತ್ತು ಸೊಲೊಮನ್ ಕೊಟ್ಟ ಗುಣಕ 0.8. ಕ್ವೇಸಾರುಗಳಿಗೆ ಅದನ್ನೇ ಎತ್ತಿ ಹಾಕಿದ್ದು.

ಇನ್ನೊಂದು, 0.8 ಮತ್ತು 4.3 ಎರಡರಲ್ಲೂ ಹೀಲಿಯಂ ಸೇರಿ ಆಗಿದೆ. ಪುನಃ 1.36ರಿಂದ ಗುಣಿಸ್ಬೇಡಿ. ಭಿತ್ತಿಪತ್ರದಲ್ಲಿ "ಹೈಡ್ರೋಜನ್" ಅನ್ನುವ ಬದಲು "ಅನಿಲ" ಅಂದ್ರೆ ಸರಿ.

ಕುಂದಾಪ್ರ_ಕಾಣಿ
ಮುಡಿ ಹೋಲಿಕೆ ಲಾಯ್ಕ್ ಇತ್ತ್. ಒಂದ್ ಕೊರತೆ ಕಾಣಿ: ನೇತ್ರಾವತಿಯವ್ರು 3-2 ಗೆರೆಯ ದೀಪ್ತಿಗೆ ಸೀದಾ 0.8 ಹಾಕಿದ್ರ್. ಗುಣಕ ಇಪ್ಪುದ್ 1-0 ಗೆರೆಗೆ ಅಲ್ದಾ?

ನೇತ್ರಾವತಿ_ನೀರು
ಒಪ್ಪಿದೆ, ಒಂದು ಮೆಟ್ಟಿಲು ಹಾರಿಸಿದ್ದೇನೆ. 3-2ರಿಂದ 1-0ಗೆ ಇಳೀಲಿಕ್ಕೆ ಅನುಪಾತ ಬೇಕು. ಕ್ವೇಸಾರುಗಳಿಗೆ ಸಾಮಾನ್ಯವಾಗಿ ಹಾಕುದು 2013ರ ಕರಿಲಿ ಮತ್ತು ವಾಲ್ಟರ್ ಸಮೀಕ್ಷೆಯ ಅಂಕಿಗಳನ್ನು: 2-1ಕ್ಕೆ 0.99, 3-2ಕ್ಕೆ 0.97, 4-3ಕ್ಕೆ 0.87, 5-4ಕ್ಕೆ 0.69. ಹಾಗಾಗಿ 2,700 ಭಾಗಿಸು 0.97, ಗುಣಿಸು 0.8. ಸುಮಾರು 2,200 ಕೋಟಿ. ವ್ಯತ್ಯಾಸ ಅತಿ ಸಣ್ಣದು.

ಅದೇ ಧೂಳು ತುಂಬಿದ ಸಬ್‌ಮಿಲಿಮೀಟರ್ ಗೆಲಾಕ್ಸಿಗಳಿಗೆ 0.85, 0.66, 0.46, 0.39. ಅವುಗಳ ಅನಿಲ ಅಷ್ಟು ಬಿಸಿಯಾಗಿ, ದಟ್ಟವಾಗಿ ಇರುದಿಲ್ಲ. ಕೈಯಲ್ಲಿ 5-4 ಗೆರೆ ಮಾತ್ರ ಇದ್ದರೆ ಯಾವ ಪಟ್ಟಿ ಆರಿಸ್ತೀರಿ ಅನ್ನುದರ ಮೇಲೆ ತೂಕ ಸುಮಾರು ಎರಡು ಪಟ್ಟು ಆಚೆ ಈಚೆ ಆಗ್ತದೆ. 7-6 ಗೆರೆಯಿಂದ ಕೆಳಗೆ ಇಳಿದ್ರೆ ಅದಕ್ಕಿಂತ ಕಷ್ಟ. ಆದಷ್ಟು ಕೆಳಗಿನ ಗೆರೆ ಹಿಡೀಬೇಕು.

ಸುರತ್ಕಲ್_ತರಂಗ
ಕೆಳಗಿನ ಗೆರೆ ಹಿಡಿದ್ರೆ ಎಲ್ಲ ಸರಿ ಆಯ್ತು ಅಂತಲ್ಲ. ರೆಡ್‌ಶಿಫ್ಟ್ 6.42ರಲ್ಲಿ ವಿಶ್ವದ ಹಿನ್ನೆಲೆ ವಿಕಿರಣದ ಉಷ್ಣತೆ 2.725 ಗುಣಿಸು 7.42, ಅಂದ್ರೆ 20.2 ಕೆಲ್ವಿನ್. ನಮಗೆ ಕಾಣುದು ಅನಿಲದ ಹೊಳಪು ಹಿನ್ನೆಲೆಗಿಂತ ಎಷ್ಟು ಹೆಚ್ಚು ಅನ್ನುದು ಮಾತ್ರ. 20 ಕೆಲ್ವಿನ್ನಿನ ತಣ್ಣನೆ ಅನಿಲ ಅಲ್ಲಿದ್ರೆ ಹಿನ್ನೆಲೆಯಲ್ಲಿ ಪೂರಾ ಮುಳುಗಿ ಹೋಗ್ತದೆ. ಕ್ವೇಸಾರಿನ ನಡುವಿನ ಅನಿಲ 50 ಕೆಲ್ವಿನ್ ಹತ್ತಿರ ಇರುದರಿಂದ ಬಚಾವು. ಹೊರವಲಯದಲ್ಲಿ ತಣ್ಣನೆ ಅನಿಲ ಇದ್ದರೆ ಅದು ಈ 2,200 ಕೋಟಿಯಲ್ಲಿ ಸೇರಿಲ್ಲ.

ಪಣಂಬೂರು_ಗಾಳಿ
ನನಗೆ 0.8ರ ಬಗ್ಗೆಯೇ ತಕರಾರು. ಹತ್ತಿರದ ಡಿಕ್ಕಿ ಗೆಲಾಕ್ಸಿಗೆ ಹೊಂದಿದ ಅಂಕಿಯನ್ನು 1,200 ಕೋಟಿ ವರ್ಷಕ್ಕಿಂತ ಹಿಂದಿನ ಕ್ವೇಸಾರಿಗೆ ಹಾಕ್ಲಿಕ್ಕೆ ಯಾವ ಆಧಾರ? ಅಲ್ಲಿ ಡಿಕ್ಕಿಯೇ ಆಗದೆ ತಣ್ಣಗೆ ತಿರುಗುವ ತಟ್ಟೆ ಇದ್ದರೆ 4.3 ಹಾಕ್ಬೇಕಲ್ಲ? ಆಗ ಸುಮಾರು 12,000 ಕೋಟಿ ಆಗ್ತದೆ.

ಕಾರ್ಕಳ_ಕಲ್ಲು
12,000 ಕೋಟಿ ಹಾಕ್ಲಿಕ್ಕೆ ಆಗುದಿಲ್ಲ, ಯಾಕೆಂದ್ರೆ ಗೆಲಾಕ್ಸಿಯ ಒಟ್ಟು ತೂಕವೇ ಅಷ್ಟಿಲ್ಲ. ಅನಿಲದ ವೇಗದಿಂದ ಒಟ್ಟು ತೂಕ ಬರ್ತದೆ: 1,16,000 × ವೇಗದ ವರ್ಗ × ವ್ಯಾಸ. ವೇಗ ಕಿ.ಮೀ./ಸೆ., ವ್ಯಾಸ ಕಿಲೋಪಾರ್ಸೆಕ್. ವೇಗಕ್ಕೆ ಗೆರೆಯ ಅಗಲದ ಮುಕ್ಕಾಲು ಪಾಲು ತೆಗೆದು ವಾಲಿಕೆಯ (ತಟ್ಟೆ ನಮಗೆ ಎಷ್ಟು ಓರೆ ಅನ್ನುದು, ಮುಖ ನೇರ ನಮ್ಮ ಕಡೆ ಇದ್ದರೆ 0 ಡಿಗ್ರಿ) ಸೈನ್‌ನಿಂದ ಭಾಗಿಸುದು ರೂಢಿ. ಅಗಲ 300, ವ್ಯಾಸ 5 ಕಿಲೋಪಾರ್ಸೆಕ್, ವಾಲಿಕೆ 55 ಡಿಗ್ರಿ: 4,400 ಕೋಟಿ ಸೂರ್ಯ. ಅನಿಲ, ನಕ್ಷತ್ರ, ಕಪ್ಪುಕುಳಿ ಎಲ್ಲ ಸೇರಿ ಅಷ್ಟು. ಅದರೊಳಗೆ 12,000 ಕೋಟಿ ಅನಿಲ ತುಂಬುದು ಹೇಗೆ?

ಪಣಂಬೂರು_ಗಾಳಿ
55 ಡಿಗ್ರಿ ಅಂತ ಯಾರು ಹೇಳಿದ್ದು? ಕ್ವೇಸಾರ್ ನಮಗೆ ಕಾಣ್ಬೇಕಾದ್ರೆ ಅದರ ಧೂಳಿನ ಉಂಗುರ ನಮ್ಮ ದೃಷ್ಟಿಗೆ ಅಡ್ಡ ಬರಬಾರದು. ಗೆಲಾಕ್ಸಿಯ ತಟ್ಟೆಯೂ ಅದೇ ದಿಕ್ಕಿನಲ್ಲಿದ್ದರೆ ಮುಖ ನಮ್ಮ ಕಡೆಗೇ ಇರುವ ಸಾಧ್ಯತೆ ಹೆಚ್ಚು. 30 ಡಿಗ್ರಿ ಹಾಕಿ ನೋಡಿ: 11,700 ಕೋಟಿ. 15 ಡಿಗ್ರಿ ಹಾಕಿದ್ರೆ 43,800 ಕೋಟಿ. ಸೈನ್‌ನ ವರ್ಗ ಕೆಳಗೆ ಕೂತಿರುವಾಗ ಒಂದು ಊಹೆಯಿಂದ ಇನ್ನೊಂದು ಊಹೆಯನ್ನು ತಪ್ಪು ಅಂತ ಸಾಬೀತು ಮಾಡ್ಲಿಕ್ಕೆ ಬರುದಿಲ್ಲ.

ಕಾರ್ಕಳ_ಕಲ್ಲು
30 ಡಿಗ್ರಿಯಲ್ಲೂ ನಿಮ್ಮ 4.3ಕ್ಕೆ ಜಾಗ ಸಾಲುದಿಲ್ಲ. ಪೂರಾ 11,700 ಅನಿಲಕ್ಕೇ ಹೋದ್ರೆ ನಕ್ಷತ್ರಗಳಿಗೆ ಏನೂ ಉಳಿಯುದಿಲ್ಲ. ಅಲ್ಲಿ ವರ್ಷಕ್ಕೆ ಸಾವಿರಾರು ಸೂರ್ಯರಷ್ಟು ನಕ್ಷತ್ರ ಹುಟ್ತಾ ಉಂಟು. ಆದ್ರೂ ವಾಲಿಕೆಯ ಮಾತು ಒಪ್ಪಿದೆ. ಈಗ ಚಿಲಿಯ ಅಲ್ಮಾ, ಫ್ರಾನ್ಸಿನ ನೊಯೆಮಾ ರೇಡಿಯೋ ದೂರದರ್ಶಕಗಳಲ್ಲಿ ಗೆಲಾಕ್ಸಿಯನ್ನು ಬಿಡಿಸಿ ನೋಡಿ ವೇಗದ ನಕ್ಷೆಗೆ ತಟ್ಟೆಯ ಮಾದರಿ ಹೊಂದಿಸ್ತಾರೆ, ಉದ್ದ ಅಗಲದ ಅನುಪಾತದಿಂದ ವಾಲಿಕೆ ತೆಗೀತಾರೆ. ಅಂಥದ್ದರಲ್ಲಿ ನಂಬಿಕೆ ಇಡ್ಬಹುದು. 2003ರಲ್ಲಿ ವಿಎಲ್‌ಎಯ ಹಳೇ ಕೋರಿಲೇಟರಿನ (ತಟ್ಟೆಗಳ ಸಂಕೇತ ಜೋಡಿಸುವ ಯಂತ್ರ) 50 ಮೆಗಾಹರ್ಟ್ಸ್ ಪಟ್ಟಿ 46.6 ಗಿಗಾಹರ್ಟ್ಸ್‌ನಲ್ಲಿ ಸುಮಾರು 320 ಕಿ.ಮೀ./ಸೆ. ಮಾತ್ರ. ಇಡೀ ಗೆರೆ ಅಷ್ಟರಲ್ಲೇ ಮುಗೀತದೆ.

ಬಜ್ಪೆ_ಬೆಳ್ಳಿ
ನಡುವೆ ಭಾಷೆಯ ವಿಷಯ. "ಅಣು ಅನಿಲ" ಅಂತ ದೊಡ್ಡ ಅಕ್ಷರದಲ್ಲಿ ಬರೆದ್ರೆ ಕರಾವಳಿಯ ಜನ ಮೊದಲು ಓದುದು ಕೈಗಾ ಅಂತ. ಅಣುಸ್ಥಾವರ, ಅಣುಬಾಂಬು ಅಂತ ಆ ಪದ ಬೇರೆ ಅರ್ಥಕ್ಕೆ ಹೋಗಿ ಆಗಿದೆ. "ಆಣ್ವಿಕ" ಅಂದ್ರೂ ಅದೇ ಗತಿ.

ಮಲ್ಪೆ_ದೀಪ
ಹೌದು ಮಾರಾಯ್ರೆ, ಇದು ಹೊಳೆದೇ ಇರ್ಲಿಲ್ಲ. ಮತ್ತೆ ಎಂತ ಬರೀಬಹುದು?

ಬಜ್ಪೆ_ಬೆಳ್ಳಿ
"ನಕ್ಷತ್ರ ಹುಟ್ಟುವ ತಣ್ಣನೆ ಅನಿಲ" ಅಂತ ಶೀರ್ಷಿಕೆ. ಕೆಳಗೆ ಒಮ್ಮೆ ಮಾತ್ರ "ಇಲ್ಲಿ ಹೈಡ್ರೋಜನ್ ಬಿಡಿ ಪರಮಾಣುವಾಗಿ ಇಲ್ಲ, ಜೋಡಿಯಾಗಿ ಅಣುವಾಗಿದೆ" ಅಂತ ವಿವರಣೆ. ಹಾಗೇ "ಆತಿಥೇಯ ಗೆಲಾಕ್ಸಿ" ಅನ್ನುದೂ ಬೇಡ. ಕಪ್ಪುಕುಳಿ ನೆಂಟ ಅಲ್ಲ, ಅಲ್ಲೇ ಹುಟ್ಟಿ ಬೆಳೆದದ್ದು. "ಕ್ವೇಸಾರಿನ ಗೆಲಾಕ್ಸಿ" ಅಂದ್ರೆ ಸಾಕು.

ಸುರತ್ಕಲ್_ತರಂಗ
"ಆತಿಥೇಯ" ಪಠ್ಯಪುಸ್ತಕದ ಪದ ಆಗಿ ನಿಂತಿದೆ, ಅದನ್ನು ತೆಗೆದ್ರೆ ಮಕ್ಕಳು ಮುಂದೆ ಓದುವಾಗ ಗೊಂದಲ. "ಅಣು" ವಿಷಯದಲ್ಲಿ ಮಾತ್ರ ನೀವು ಹೇಳಿದ್ದು ಸರಿ.

ನೇತ್ರಾವತಿ_ನೀರು
ವಿಷಯಕ್ಕೆ ಬರುವ. ತೂಕ ಕೆಡಿಸುವ ಮೂರನೇ ಸಂಗತಿ ಯಾರೂ ಹೇಳ್ಲಿಲ್ಲ: ಗುರುತ್ವ ಮಸೂರ. ದೂರದ ವಿಶ್ವದಲ್ಲಿ ಕಾರ್ಬನ್ ಮಾನಾಕ್ಸೈಡ್ ಮೊದಲು ಸಿಕ್ಕಿದ್ದು 1991ರಲ್ಲಿ, ಎಫ್10214+4724 ಅನ್ನುವ ಕಾಯದಲ್ಲಿ. ರೆಡ್‌ಶಿಫ್ಟ್ 2.286. ಅಮೆರಿಕದ ಕಿಟ್ ಪೀಕ್‌ನ 12 ಮೀಟರ್ ರೇಡಿಯೋ ತಟ್ಟೆಯಲ್ಲಿ 3-2 ಗೆರೆ 105 ಗಿಗಾಹರ್ಟ್ಸ್‌ನಲ್ಲಿ ಕಂಡಿತು. ಆಗ ಬಂದ ತೂಕ ನಂಬ್ಲಿಕ್ಕೆ ಆಗದಷ್ಟು ದೊಡ್ಡದು. ಆಮೇಲೆ ನೋಡಿದ್ರೆ ನಡುವೆ ಒಂದು ಗೆಲಾಕ್ಸಿ ಕೂತು ಬೆಳಕನ್ನು ಬಗ್ಗಿಸಿ ಹಿಗ್ಗಿಸಿತ್ತು. ಗೆರೆಯ ಹರಿವನ್ನೂ ಮೊದಲು ಹೆಚ್ಚಾಗಿ ಓದಿದ್ದರು. ಎರಡೂ ಸೇರಿ ತೂಕ ಎಷ್ಟೋ ಪಟ್ಟು ಇಳಿಯಿತು.

ಕುಂದಾಪ್ರ_ಕಾಣಿ
ಅದ್ ಕ್ವೇಸಾರೇ ಅಲ್ಲ, ಧೂಳ್ ತುಂಬಿದ ಅವಕೆಂಪು ಗೆಲಾಕ್ಸಿ ಅಲ್ದಾ?

ನೇತ್ರಾವತಿ_ನೀರು
ಒಳಗೆ ಕ್ವೇಸಾರ್ ಉಂಟು, ಧೂಳು ಮುಚ್ಚಿದೆ. ಧ್ರುವೀಕೃತ ಬೆಳಕಿನಲ್ಲಿ ಅದರ ಗುರುತು ಸಿಕ್ಕಿದೆ. ಮುಚ್ಚದ ಕ್ವೇಸಾರ್ ಬೇಕಾದ್ರೆ ಕ್ಲೋವರ್‌ಲೀಫ್ ತಗೊಳ್ಳಿ, ನಾಲ್ಕು ಎಸಳಾಗಿ ಕಾಣುವಂಥದ್ದು. ರೆಡ್‌ಶಿಫ್ಟ್ 2.56, ಅದರ 3-2 ಗೆರೆ 1994ರಲ್ಲಿ ಸಿಕ್ಕಿದ್ದು, ಹಿಗ್ಗುವಿಕೆ ಸುಮಾರು 11 ಪಟ್ಟು. ತೂಕವನ್ನು 11ರಿಂದ ಭಾಗಿಸ್ಬೇಕು. ಇನ್ನೂ ಒಂದು ತೊಂದರೆ: ನಡುವಿನ ಬಿಸಿ ಅನಿಲ ಮಸೂರದ ಸರಿಯಾದ ಬಿಂದುವಿನಲ್ಲಿದ್ದು ಹೊರಗಿನ ತಣ್ಣನೆಯದು ಆಚೆ ಇದ್ದರೆ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಆಗ ಗೆರೆಗಳ ಅನುಪಾತವೂ ಸುಳ್ಳು ಹೇಳ್ತದೆ.

ಉಳ್ಳಾಲ_ಅಲೆ
2011ರಲ್ಲಿ "ಕ್ವೇಸಾರಿನಲ್ಲಿ ಭೂಮಿಯ ಸಮುದ್ರಗಳ 140 ಲಕ್ಷ ಕೋಟಿ ಪಟ್ಟು ನೀರು" ಅಂತ ಸುದ್ದಿ ಬಂದಿತ್ತಲ್ಲ, ಅದೂ ಇದೇ ಲೆಕ್ಕದ್ದಾ?

ಕಾರ್ಕಳ_ಕಲ್ಲು
ಅದು ಎಪಿಎಂ 08279+5255, ರೆಡ್‌ಶಿಫ್ಟ್ 3.91. ನೀರು ಅಂದ್ರೆ ಆವಿಯ ಅಣುಗಳು, ನೂರಾರು ಜ್ಯೋತಿರ್ವರ್ಷ ಹಬ್ಬಿದ ತೀರ ತೆಳ್ಳಗಿನ ಅನಿಲ. ನಮ್ಮ ಗಾಳಿಗೆ ಹೋಲಿಸಿದ್ರೆ ನಿರ್ವಾತವೇ. ಆ ಕ್ವೇಸಾರ್ ಕೂಡ ಮಸೂರದ ಹಿಂದೆ ಉಂಟು. ಒಂದು ಮಾದರಿಯಲ್ಲಿ ಹಿಗ್ಗುವಿಕೆ ಸುಮಾರು 4, ಇನ್ನೊಂದರಲ್ಲಿ 60ರ ಮೇಲೆ. ಅಷ್ಟು ಅಂತರ ಇರುವಾಗ ಸಮುದ್ರದ ಲೆಕ್ಕ ಭಿತ್ತಿಪತ್ರಕ್ಕೆ ಹಾಕ್ಬೇಡಿ.

ಅದರಲ್ಲಿ ನಿಜವಾಗಿ ಮುಖ್ಯವಾದದ್ದು ಕಾರ್ಬನ್ ಮಾನಾಕ್ಸೈಡ್ ಏಣಿ. ಸಾಮಾನ್ಯ ಗೆಲಾಕ್ಸಿಯಲ್ಲಿ ಗೆರೆಗಳ ಹರಿವು ನಡುವಿನ ಮೆಟ್ಟಿಲಲ್ಲೇ ಇಳೀಲಿಕ್ಕೆ ಶುರು ಮಾಡ್ತದೆ. ಇಲ್ಲಿ 10-9 ವರೆಗೆ ಏರ್ತಾ ಹೋಗ್ತದೆ. ಜೆ1148ರಲ್ಲಿ 17-16 ಗೆರೆ ಕೂಡ ಸಿಕ್ಕಿದೆ. ನಕ್ಷತ್ರಗಳ ನೇರಳಾತೀತ ಬೆಳಕು ಮೋಡದ ಸಿಪ್ಪೆ ಮಾತ್ರ ಕಾಯಿಸ್ತದೆ. ಕಪ್ಪುಕುಳಿಯ ಎಕ್ಸ್‌ರೇ ಒಳಗೆ ತನಕ ನುಗ್ಗಿ ಕಾಯಿಸ್ತದೆ. ಅಷ್ಟು ಮೇಲಿನ ಮೆಟ್ಟಿಲು ತುಂಬ್ಲಿಕ್ಕೆ ಅದೇ ಕಾರಣ ಅಂತ ಬಹಳ ಜನರ ಅಭಿಪ್ರಾಯ.

ಉಳ್ಳಾಲ_ಅಲೆ
ಇಂಥ ರೇಡಿಯೋ ದೂರದರ್ಶಕ ನಮ್ಮಲ್ಲಿ ಯಾಕಿಲ್ಲ? ಕುದುರೆಮುಖದ ತುದಿಯಲ್ಲಿ ಒಂದು ಹಾಕಿದ್ರೆ ಆಗುದಿಲ್ವಾ?

ಸುರತ್ಕಲ್_ತರಂಗ
ಆಗುದಿಲ್ಲ. ಮಿಲಿಮೀಟರ್ ಅಲೆಗೆ ದೊಡ್ಡ ಶತ್ರು ಗಾಳಿಯ ನೀರಾವಿ. ಅಲ್ಮಾ ಇರುವ ಚಹ್ನಾಂತೋರ್ 5,000 ಮೀಟರ್ ಎತ್ತರ, ಅಲ್ಲಿ ತಲೆಯ ಮೇಲಿನ ಆವಿ ಎಲ್ಲ ನೀರಾದ್ರೆ ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸು. ಮಂಗಳೂರಿನಲ್ಲಿ ಮಳೆಗಾಲಕ್ಕೆ 50 ಮಿ.ಮೀ. ದಾಟ್ತದೆ. ಕುದುರೆಮುಖ 1,890 ಮೀಟರ್ ಹತ್ತಿರ, ಕಡಲಿನ ಆವಿ ಎಲ್ಲ ಬಂದು ಬಡಿಯುವ ಗೋಡೆಯೇ ಅದು. ಲಡಾಖಿನ ಹಾನ್ಲೆ 4,500 ಮೀಟರ್, ಒಣ ಜಾಗ, ಆದ್ರೆ ಅಲ್ಲಿಯ 2 ಮೀಟರ್ ಚಂದ್ರ ದೂರದರ್ಶಕ ಬೆಳಕಿನದ್ದು ಮತ್ತು ಅವಕೆಂಪಿನದ್ದು.

ಪುಣೆ ಹತ್ತಿರದ ಜಿಎಂಆರ್‌ಟಿ ರೇಡಿಯೋ ದೂರದರ್ಶಕ ಕೆಲಸ ಮಾಡುದು 1.45 ಗಿಗಾಹರ್ಟ್ಸ್ ವರೆಗೆ. ಜೆ1148ರ 1-0 ಗೆರೆ ಕೂಡ 15.5 ಗಿಗಾಹರ್ಟ್ಸ್‌ನಲ್ಲಿ ಬರ್ತದೆ, ಸಿಕ್ಕುದಿಲ್ಲ. ಆದ್ರೆ ಬಿಡಿ ಪರಮಾಣು ಹೈಡ್ರೋಜನ್ನಿನ 21 ಸೆಂ.ಮೀ. ಗೆರೆಯಲ್ಲಿ ಅದು ಗಟ್ಟಿ. ಸಾವಿರಾರು ಗೆಲಾಕ್ಸಿಗಳ ಸಂಕೇತ ಒಂದರ ಮೇಲೊಂದು ಪೇರಿಸಿ ರೆಡ್‌ಶಿಫ್ಟ್ 1ರ ಹತ್ತಿರದ ಸರಾಸರಿ ಹೈಡ್ರೋಜನ್ ತೂಕ ತೆಗೆದದ್ದು 2020ರಲ್ಲಿ ಅಲ್ಲಿಂದಲೇ.

ಬಜ್ಪೆ_ಬೆಳ್ಳಿ
ದತ್ತಾಂಶದ ಪ್ರಶ್ನೆಗೆ: ಅಲ್ಮಾ ಭಂಡಾರದಲ್ಲಿ ಒಂದು ವರ್ಷದ ನಂತರ ಎಲ್ಲ ಮುಕ್ತ. ಜೆ1148ರದ್ದನ್ನೇ ಇಳಿಸಿಕೊಂಡು ಮಕ್ಕಳಿಗೆ ತೋರಿಸಿ.

ನೇತ್ರಾವತಿ_ನೀರು
ಜೆ1148 ಅಲ್ಮಾಕ್ಕೆ ಸಿಕ್ಕುದಿಲ್ಲ ಬೆಳ್ಳಿಯವರೆ. ಹೆಸರಲ್ಲೇ +52 ಡಿಗ್ರಿ ಉಂಟು ನೋಡಿ. ಅಲ್ಮಾ ದಕ್ಷಿಣ 23 ಡಿಗ್ರಿಯಲ್ಲಿ. ಅಲ್ಲಿಂದ ಅದು ಹೆಚ್ಚೆಂದ್ರೆ 14-15 ಡಿಗ್ರಿ ಏರ್ತದೆ, ಗಾಳಿಯ ದಪ್ಪ ನಾಲ್ಕು ಪಟ್ಟು. ಉಡುಪಿಯಿಂದ ಅದೇ 50 ಡಿಗ್ರಿ ಏರ್ತದೆ. ಅದಕ್ಕೆ ನೊಯೆಮಾ, ವಿಎಲ್‌ಎ ಅಂಥ ಉತ್ತರದವೇ ಬೇಕು.

ಮಕ್ಕಳಿಗೆ ಬಿಆರ್1202-0725 ಒಳ್ಳೇದು. ರೆಡ್‌ಶಿಫ್ಟ್ 4.69. ಅದರ 5-4 ಗೆರೆ 1996ರಲ್ಲೇ ಸಿಕ್ಕಿದ್ದು. ಕ್ವೇಸಾರ್ ಒಂದು, ಅದರಿಂದ 4 ಆರ್ಕ್‌ಸೆಕೆಂಡ್ (ಡಿಗ್ರಿಯ 3,600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್) ಆಚೆ ಧೂಳಿನ ಗೆಲಾಕ್ಸಿ ಒಂದು, ನಡುವೆ ಸುಮಾರು 25 ಕಿಲೋಪಾರ್ಸೆಕ್. ಎರಡೂ ಅನಿಲ ತುಂಬಿದವು. ಅಲ್ಮಾ ಶುರುವಿನ ದಿನಗಳಲ್ಲಿ ಪರೀಕ್ಷೆಗೆಂದು ತೆಗೆದ ಅಯಾನೀಕೃತ ಕಾರ್ಬನ್ ಗೆರೆಯ ದತ್ತಾಂಶ ಎಲ್ಲರಿಗೂ ಬಿಟ್ಟಿದ್ದಾರೆ. ಆ ಗೆರೆ 1900.54 ಗಿಗಾಹರ್ಟ್ಸ್, ಇಲ್ಲಿ 333.7ರಲ್ಲಿ ಕಾಣ್ತದೆ.

ಕ್ರಮ ಹೀಗೆ. ರೇಡಿಯೋ ದತ್ತಾಂಶ ಸಂಸ್ಕರಿಸುವ ಕಾಸಾ ತಂತ್ರಾಂಶ ಉಚಿತ, ಲಿನಕ್ಸ್ ಅಥವಾ ಮ್ಯಾಕ್ ಬೇಕು. ಮಾಪನಾಂಕ ಸರಿಪಡಿಸಿದ ಕಡತವನ್ನೇ ಇಳಿಸಿ, ಕಚ್ಚಾದ್ದು ಬೇಡ. ಅದರ ಲಿಸ್ಟ್‌ಆಬ್ಸ್ ಆಜ್ಞೆ ಹಾಕಿ ಯಾವ ಆವರ್ತಾಂಕ ಪಟ್ಟಿಯಲ್ಲಿ 333.7 ಬೀಳ್ತದೆ ನೋಡಿ. ಪ್ಲಾಟ್‌ಎಂಎಸ್‌ನಲ್ಲಿ ಗೆರೆ ಇಲ್ಲದ ಚಾನೆಲ್ ಗುರುತಿಸಿ, ಯುವಿಕಾಂಟ್‌ಸಬ್‌ನಲ್ಲಿ ಧೂಳಿನ ನಿರಂತರ ಹೊಳಪನ್ನು ಕಳೆಯಿರಿ. ಆಮೇಲೆ ಚಿತ್ರ ಮಾಡುವ ಟಿಕ್ಲೀನ್, ಘನ ರೂಪದಲ್ಲಿ (ಪ್ರತಿ ಚಾನೆಲಿಗೆ ಒಂದು ಚಿತ್ರ), ಚಾನೆಲ್ ಅಗಲ 50 ಕಿ.ಮೀ./ಸೆ., ಅಂದ್ರೆ 56 ಮೆಗಾಹರ್ಟ್ಸ್. ದತ್ತಾಂಶಕ್ಕೆ ಕೊಡುವ ಮಹತ್ವದ ಹಂಚಿಕೆ (ವೆಯ್ಟಿಂಗ್) ನ್ಯಾಚುರಲ್ ಇಡಿ, ಮಂದ ಗೆರೆಗೆ ಅದೇ ಒಳ್ಳೇದು. ಗದ್ದಲದ ಎರಡು ಪಟ್ಟಿನ ತನಕ ಕ್ಲೀನ್ ಮಾಡಿ.

ಕೊನೆಗೆ ಪ್ರೈಮರಿ ಬೀಮ್ ತಿದ್ದುಪಡಿ ಮರೀಬೇಡಿ. 334 ಗಿಗಾಹರ್ಟ್ಸ್‌ನಲ್ಲಿ 12 ಮೀಟರ್ ತಟ್ಟೆಯ ನೋಟ ಸುಮಾರು 17 ಆರ್ಕ್‌ಸೆಕೆಂಡ್. ಕೇಂದ್ರದಿಂದ 4 ಆರ್ಕ್‌ಸೆಕೆಂಡ್ ಆಚೆ ಇರುವ ಮೂಲ ತಿದ್ದದೆ ಬಿಟ್ಟರೆ 14 ಪ್ರತಿಶತ ಮಂದ ಕಾಣ್ತದೆ.

ಪಣಂಬೂರು_ಗಾಳಿ
ಅಯಾನೀಕೃತ ಕಾರ್ಬನ್ ಗೆರೆಯಿಂದ ತಣ್ಣನೆ ಅನಿಲದ ತೂಕ ಬರ್ತದೆ ಅಂತ ಮಾತ್ರ ಮಕ್ಕಳಿಗೆ ಹೇಳ್ಬೇಡಿ. ಅದು ಅಯಾನು ಅನಿಲದಿಂದಲೂ, ಪರಮಾಣು ಅನಿಲದಿಂದಲೂ, ಅಣು ಮೋಡದ ಸಿಪ್ಪೆಯಿಂದಲೂ ಬರ್ತದೆ. ಅದರಿಂದ ಚಲನೆ ನೋಡಿ, ಆಕಾರ ನೋಡಿ. ತೂಕ ನೋಡ್ಲಿಕ್ಕೆ ಕಾರ್ಬನ್ ಮಾನಾಕ್ಸೈಡೇ ವಾಸಿ, ಜೊತೆಗೆ ತಟಸ್ಥ ಕಾರ್ಬನ್ ಗೆರೆ 492 ಅಥವಾ 809 ಗಿಗಾಹರ್ಟ್ಸ್‌ದ್ದು ಇದ್ದರೆ ತಾಳೆ ನೋಡ್ಲಿಕ್ಕೆ ಆಗ್ತದೆ.

ಸುರತ್ಕಲ್_ತರಂಗ
ಕ್ಲೀನ್ ಮಾಡಿದ ಮೇಲೆ ಹರಿವು ಅಳೆಯುವಾಗ ಒಂದು ಗುಪ್ತ ದೋಷ ಉಂಟು. ಕೊನೆಯ ಚಿತ್ರದಲ್ಲಿ ಎರಡು ಪದರ: ಕ್ಲೀನ್ ಹಿಡಿದದ್ದು ಮತ್ತು ಉಳಿಕೆ. ಬೀಮ್ ಅಂದ್ರೆ ಒಂದು ಚುಕ್ಕಿ ಮೂಲ ಚಿತ್ರದಲ್ಲಿ ಹರಡಿ ಕಾಣುವ ಗುರುತು. ಮೊದಲನೆಯದ್ದರ ಏಕಮಾನ ಕ್ಲೀನ್ ಬೀಮಿಗೆ ಇಷ್ಟು ಜಾನ್ಸ್ಕಿ ಅಂತ, ಎರಡನೆಯದ್ದರದು ಕೊಳೆ ಬೀಮಿಗೆ (ಕ್ಲೀನ್ ಮಾಡುವ ಮೊದಲಿನ ಗುರುತು) ಇಷ್ಟು ಅಂತ. ಎರಡೂ ಬೀಮಿನ ವಿಸ್ತೀರ್ಣ ಒಂದೇ ಅಲ್ಲ. ದೂರದರ್ಶಕದ ತಟ್ಟೆಗಳನ್ನು ಹತ್ತಿರ ಇಟ್ಟ ಮತ್ತು ದೂರ ಇಟ್ಟ ಜೋಡಣೆಗಳ ದತ್ತಾಂಶ ಸೇರಿಸಿದಾಗ ಕೊಳೆ ಬೀಮಿಗೆ ಅಗಲವಾದ ಪಾದ ಬೆಳೀತದೆ. ಆಗ ಉಳಿಕೆಯಲ್ಲಿರುವ ಮಂದ ಹರವಿನ ಬೆಳಕು ಇಲ್ಲದ ಹರಿವನ್ನು ಸೇರಿಸ್ತದೆ. ಗೆಲಾಕ್ಸಿ ಸುತ್ತ ದೊಡ್ಡ ಪ್ರಭಾವಲಯ ಇದ್ದ ಹಾಗೆ ಕಾಣ್ತದೆ. ಯೊರ್ಸೇಟರ್ ಮತ್ತು ಫಾನ್ ಮೂರ್ಸೆಲ್ 1995ರಲ್ಲೇ ಇದನ್ನು ಬರೆದಿಟ್ಟಿದ್ದಾರೆ.

ನೇತ್ರಾವತಿ_ನೀರು
ಹಾಗಾದ್ರೆ ಉಳಿಕೆಯನ್ನು ಎರಡು ಬೀಮಿನ ಅನುಪಾತದಿಂದ ಗುಣಿಸಿದ್ರೆ ಆಯ್ತು.

ಸುರತ್ಕಲ್_ತರಂಗ
ಹರಿವು ಸರಿ ಆಗ್ತದೆ. ಆದ್ರೆ ಉಳಿಕೆ ಅಂದ್ರೆ ಗದ್ದಲವೂ ಹೌದು, ಅದೂ ಅಷ್ಟೇ ಕುಗ್ತದೆ. ಆ ಚಿತ್ರದಿಂದ ಗದ್ದಲ ಅಳೆದ್ರೆ ಗದ್ದಲದ ಎರಡು ಪಟ್ಟು ಮಾತ್ರ ಇರುವ ಸಂಕೇತ ಐದು ಪಟ್ಟು ಅಂತ ಕಾಣ್ಬಹುದು. ಗದ್ದಲವನ್ನು ಗುಣಿಸುವ ಮೊದಲಿನ ಚಿತ್ರದಲ್ಲೇ ಅಳೀಬೇಕು.

ಕಾರ್ಕಳ_ಕಲ್ಲು
ಜೆ1148ರ ಹೊರಹರಿವಿನ ಕಥೆ ಇದಕ್ಕೆ ಹತ್ತಿರ. 2012ರಲ್ಲಿ ಅದರ ಅಯಾನೀಕೃತ ಕಾರ್ಬನ್ ಗೆರೆಗೆ ಎರಡೂ ಬದಿ ಅಗಲವಾದ ರೆಕ್ಕೆ ಕಂಡು, ಕಪ್ಪುಕುಳಿ ಅನಿಲವನ್ನು ಹೊರಗೆ ಊದ್ತಾ ಉಂಟು ಅಂದ್ರು. 2022ರಲ್ಲಿ ನೊಯೆಮಾದ ಹೆಚ್ಚು ಅಗಲದ ಪಟ್ಟಿಯಲ್ಲಿ ಪುನಃ ನೋಡಿದಾಗ ಆ ರೆಕ್ಕೆ ಸಿಕ್ಕಲಿಲ್ಲ. 256 ಗಿಗಾಹರ್ಟ್ಸ್‌ನಲ್ಲಿ 1 ಗಿಗಾಹರ್ಟ್ಸ್ ಅಂದ್ರೆ ಸುಮಾರು 1,170 ಕಿ.ಮೀ./ಸೆ. ಪಟ್ಟಿ ಕಿರಿದಾದ್ರೆ ಗೆರೆ ಇಲ್ಲದ ಜಾಗ ಬಹಳ ಉಳಿಯುದಿಲ್ಲ, ನಿರಂತರ ಹೊಳಪಿನ ಮಟ್ಟ ಒಂಚೂರು ಮೇಲೆ ಕೆಳಗೆ ಆದ್ರೂ ರೆಕ್ಕೆ ಹುಟ್ತದೆ ಅಥವಾ ಸಾಯ್ತದೆ. ಹಾಗಾಗಿ ಹೊರಹರಿವಿನ ಚಿತ್ರ ಭಿತ್ತಿಪತ್ರದಲ್ಲಿದ್ದರೆ ಜೆ1148 ಹೆಸರು ಅಲ್ಲಿ ಬೇಡ.

ಕುಂದಾಪ್ರ_ಕಾಣಿ
ಕಪ್ಪುಕುಳಿ ಗೆಲಾಕ್ಸಿಗಿಂತ ಮೊದ್ಲ್ ಬೆಳೀತ್ ಅಂಬ್ರಲ್ಲ, ಅದನ್ ಹಾಕುದಾ ಬೇಡ್ದಾ?

ಕಾರ್ಕಳ_ಕಲ್ಲು
ಹಾಕಿ, ಶರತ್ತು ಸೇರಿಸಿ. ಜೆ1148ರ ಕಪ್ಪುಕುಳಿ ಸುಮಾರು 300 ಕೋಟಿ ಸೂರ್ಯ. ಒಟ್ಟು 4,400 ಕೋಟಿಗೆ ಹೋಲಿಸಿದ್ರೆ ನೂರಕ್ಕೆ 7. ನಮ್ಮ ಸುತ್ತಲಿನ ಗೆಲಾಕ್ಸಿಗಳಲ್ಲಿ ನಡುವಿನ ಉಬ್ಬಿನ ತೂಕಕ್ಕೆ ಹೋಲಿಸಿದ್ರೆ ನೂರಕ್ಕೆ ಅರ್ಧ ಅಥವಾ ಅದಕ್ಕಿಂತ ಕಡಿಮೆ. ಆದ್ರೆ ಅತ್ಯಂತ ಪ್ರಕಾಶದ ಕ್ವೇಸಾರುಗಳನ್ನೇ ಮೊದಲು ಹುಡುಕಿದ್ದು, ದೊಡ್ಡ ಕಪ್ಪುಕುಳಿ ಇರುವಂಥವೇ ಬಲೆಗೆ ಬಿದ್ದವು. ಜೊತೆಗೆ 4,400 ಕೋಟಿ ಅನ್ನುದು ಅನಿಲ ಹಬ್ಬಿದ ಜಾಗದ ತೂಕ ಮಾತ್ರ, ಪಣಂಬೂರಿನವರ ವಾಲಿಕೆಯ ತಕರಾರೂ ಅದಕ್ಕೆ ಉಂಟು. 2023ರಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದಿಂದ ರೆಡ್‌ಶಿಫ್ಟ್ 6ರ ಆಚೆಯ ಎರಡು ಮಂದ ಕ್ವೇಸಾರುಗಳ ನಕ್ಷತ್ರದ ಬೆಳಕೇ ಸಿಕ್ಕಿತು. ಜೆ2236+0032ಕ್ಕೆ ಸುಮಾರು 13,000 ಕೋಟಿ ಸೂರ್ಯ, ಜೆ2255+0251ಕ್ಕೆ 3,400 ಕೋಟಿ.

ಮಲ್ಪೆ_ದೀಪ
ಎಲ್ಲರಿಗೂ ದೊಡ್ಡ ಉಪಕಾರ ಆಯ್ತು. ವಾಕ್ಯ ಈಗ ಹೀಗೆ ಮಾಡಿದೆ: "ಜೆ1148+5251 ಕ್ವೇಸಾರಿನ ಗೆಲಾಕ್ಸಿಯಲ್ಲಿ ಕಾರ್ಬನ್ ಮಾನಾಕ್ಸೈಡಿನ ರೇಡಿಯೋ ಗೆರೆ 2003ರಲ್ಲಿ ಸಿಕ್ಕಿತು. ಅದರಿಂದ ಅಲ್ಲಿ ಸುಮಾರು 2,000 ಕೋಟಿ ಸೂರ್ಯರಷ್ಟು ತಣ್ಣನೆ ಅನಿಲ ಇದೆ ಎಂದು ಅಂದಾಜಿಸಿದ್ದಾರೆ. ಪರಿವರ್ತನೆಯ ಗುಣಕ ಬದಲಾದರೆ ಈ ತೂಕ ಕೆಲವು ಪಟ್ಟು ಬದಲಾಗಬಹುದು." ಪಕ್ಕದಲ್ಲಿ ಮುಡಿಯ ಚಿತ್ರ, ಬಿಚ್ಚಿ ಹರವಿದ ಅಕ್ಕಿಯ ಚಿತ್ರ. ಪಿಲಿಕುಳದ ತಾರಾಲಯಕ್ಕೆ ಹೋಗಿ ಬಂದ ಮಕ್ಕಳೂ ಬರ್ತಾರೆ, ಅವರಿಗೆ ಬಿಆರ್1202ರ ಘನವನ್ನು ಒಂದೊಂದೇ ಚಾನೆಲ್ ಓಡಿಸಿ ತೋರಿಸುದು.

ಪಣಂಬೂರು_ಗಾಳಿ
"ಸಿಕ್ಕಿತು" ಪಕ್ಕ "3-2 ಗೆರೆ, 46.6 ಗಿಗಾಹರ್ಟ್ಸ್" ಅಂತ ಹಾಕಿ. ಅಳೆದದ್ದು ಗೆರೆ ಮಾತ್ರ, ತೂಕ ಅಲ್ಲ.

ನೇತ್ರಾವತಿ_ನೀರು
ಬಿಆರ್1202 ಓಡಿಸುವಾಗ ಬಣ್ಣದ ಅಳತೆಯನ್ನು ಎಲ್ಲ ಚಾನೆಲ್‌ಗೂ ಒಂದೇ ಇಟ್ಟು ಬಿಡಿ. ತಾನಾಗಿ ಹೊಂದಿಸ್ಲಿಕ್ಕೆ ಬಿಟ್ಟರೆ ಗೆರೆ ಇಲ್ಲದ ಚಾನೆಲಿನ ಗದ್ದಲವೂ ಗೆಲಾಕ್ಸಿಯ ಹಾಗೆ ಹೊಳೀತದೆ.